ಕಬ್ಬಿನ ಗ್ಯಾಂಗಿಗೆ ಹೋದವಳ ಗುಳಿಗೆ

ಎಚ್‌ಐವಿ ಇದ್ದವರಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಗುಳಿಗೆ ಒಯ್ಯಲು ಬರಬೇಕಾಗಿದ್ದು ಬಾರದೇ ಉಳಿದವರ ಪಟ್ಟಿ ಪ್ರತಿ ತಿಂಗಳೂ ನನ್ನ ಕೈಗೆ ಬರುತ್ತದೆ. ಫೋನ್ ಎತ್ತಿದವರಿಗೆ ಫೋನಿನಲ್ಲೇ ಮಾತು, ಎತ್ತದವರ ಊರಿಗೆ ನಾನೇ ಹೋಗಬೇಕು. ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಈ ಕೆಲಸ ಮಾಡುತ್ತ ವರ್ಷಗಳೇ ಆದವು. ನನಗೂ ಎಚ್‌ಐವಿ ಇದೆ. ಗುಳಿಗೆ ನುಂಗುವುದು ಏನೆಂದು ಗೊತ್ತಿದ್ದವರೇ ಬೇಕೆಂದು ನನ್ನನ್ನು ತೆಗೆದುಕೊಂಡರು.

ಹೋದ ವರ್ಷ ಬೇಸಿಗೆಯಲ್ಲಿ ಹೀಗೆಯೇ ಒಬ್ಬ ಹೆಣ್ಣುಮಗಳನ್ನು ಹುಡುಕಿಕೊಂಡು ಹೋದೆ. "ಯಾರ ಮನಿಗ್ರಿ, ಎಲ್ಲಿಂದ ಬಂದೀರಿ?" ಎಂದು ಕಟ್ಟೆಯ ಮೇಲೆ ಕೂತವರು ಕೇಳದೇ ಬಿಡುವುದಿಲ್ಲ. ಆಸ್ಪತ್ರೆಯ ಹೆಸರೆತ್ತುವ ಹಾಗಿಲ್ಲ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಕಾಯ್ದೆ ಇರದಿದ್ದರೂ ನಾನು ಹೇಳುತ್ತಿರಲಿಲ್ಲ. "ಮಹಿಳಾ ಸಂಘದ ಕೆಲಸಕ್ಕ ಬಂದೀನ್ರಿ" ಎಂದೆ.

ಅವಳು ಮನೆಯಲ್ಲೇ ಇದ್ದಳು. ಗಂಡ ತೀರಿಕೊಂಡ ಮೇಲೆ ತವರಿನಲ್ಲಿ ಅಣ್ಣನ ಆಸರೆಯಲ್ಲಿದ್ದವಳು. ನನ್ನನ್ನು ಕಂಡು ಮುಖ ಬಿಳಿಚಿಕೊಂಡಿತು. ಅಣ್ಣನ ಹೆಂಡತಿ, ಅವಳ ವೈನಿ, ಒಳಗಿದ್ದರು. ಬಟ್ಟೆಯ ಬುಟ್ಟಿ ಎತ್ತಿಕೊಂಡು "ಕಾಲುವೀಗೆ ಹೋಗಿ ಬರ್ತೀನಿ" ಎಂದು ಕೂಗಿ ಹೇಳಿ ನನ್ನ ಜೊತೆ ಹೊರಟಳು. ಅಲ್ಲಿ ಕಲ್ಲಿನ ಮೇಲೆ ಕೂತು ಮಾತಾಡಿದೆವು.

ಅಣ್ಣ ಕಬ್ಬು ಕಡಿಯುವ ಗ್ಯಾಂಗಿನ ಮುಖಂಡ ಮುಕಾದಮನಿಂದ ಮುಂಗಡ ತೆಗೆದುಕೊಂಡಿದ್ದ. ದಸರಾ ಮುಗಿಯುತ್ತಲೇ ಮನೆಮಂದಿಯೆಲ್ಲ ಕೊಲ್ಲಾಪುರದ ಕಡೆಗೆ ಹೊರಟರು. ಅವಳ ಬಳಿ ಇದ್ದದ್ದು ಒಂದೇ ಡಬ್ಬಿ, ಮೂವತ್ತು ಗುಳಿಗೆ. ತಾಡಪತ್ರಿಯ ಒಂದೇ ಗುಡಿಸಲಿನಲ್ಲಿ ಎಲ್ಲರ ವಾಸ. "ಡಬ್ಬಿ ಅಲುಗಿದ್ರ ಸಪ್ಪಳಾಗತೈತ್ರಿ ಅಕ್ಕಾರ, ಏನದು ಅಂತ ಕೇಳ್ತಾರ" ಎಂದಳು. ಅದಕ್ಕೇ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾಳೆ. ನಸುಕಿನ ಇಬ್ಬನಿ, ಮೈ ಬೆವರು ಎಲ್ಲ ಸೇರಿ ಗುಳಿಗೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಬುಟ್ಟಿಯ ತಳದಿಂದ ಆ ಪೊಟ್ಟಣ ತೆಗೆದು ತೋರಿಸಿದಳು. ಬಿಳಿ ಗುಳಿಗೆಗಳು ಕಾಗದದ ಬಣ್ಣ ಹಿಡಿದು ಹೆಂಟೆಯಾಗಿದ್ದವು. "ಒಗಿಯಾಕ ಮನಸ್ಸಾಗಲಿಲ್ರಿ" ಎಂದಳು.

ಇಂಥವಳನ್ನು ನಿಷ್ಕಾಳಜಿಯವಳು ಎಂದು ಯಾರಾದರೂ ಅಂದರೆ ನನಗೆ ತಡೆಯುವುದಿಲ್ಲ.

ನಡುವೆ ಊರಿಗೆ ಬಂದು ಒಯ್ಯಬಹುದಿತ್ತಲ್ಲ ಎಂದೆ. ಮುಂಗಡ ತೀರುವವರೆಗೆ ಮುಕಾದಮ ರಜೆ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣವನ್ನು ಕಡೆಗೆ ಹೇಳಿದಳು. ಹಿಂದೊಮ್ಮೆ ತಡವಾಗಿ ಹೋದಾಗ ಕೌಂಟರಿನಲ್ಲಿ ಎಲ್ಲರೆದುರು ಗದರಿದ್ದರಂತೆ. ಈಗ ಇಷ್ಟು ತಿಂಗಳು ಬಿಟ್ಟು ಹೋದರೆ ಏನನ್ನಬಹುದೋ ಎಂಬ ಹೆದರಿಕೆ. ಆ ಒಂದು ಗದರಿಕೆಗೆ ಎಷ್ಟು ಬೆಲೆ ಎಂಬುದು ಗದರಿದವರಿಗೆ ಗೊತ್ತೇ ಆಗುವುದಿಲ್ಲ.

ಸರ್ಕಾರ 2004ರ ಏಪ್ರಿಲ್‌ನಲ್ಲಿ ಪುಕ್ಕಟೆ ಔಷಧ ಶುರುಮಾಡಿದಾಗ ಕರ್ನಾಟಕದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೇ ಹೋಗಬೇಕಿತ್ತು. ನನ್ನ ಮನೆಯವರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ನಾನು ಶುರುಮಾಡಿದಾಗ ದಿನಕ್ಕೆರಡು ಹೊತ್ತಿನ ಗುಳಿಗೆ. ಅದರಲ್ಲಿದ್ದ ಸ್ಟಾವುಡಿನ್ ಕೆನ್ನೆಯ ಕೊಬ್ಬು ಕರಗಿಸಿ ಮುಖವನ್ನೇ ಗುರುತು ಮಾಡಿಬಿಡುತ್ತಿತ್ತು. ಈಗ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. ತಪ್ಪದೆ ತೆಗೆದುಕೊಂಡರೆ ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ವೈರಸ್ಸು ಯಂತ್ರಕ್ಕೂ ಸಿಗದಷ್ಟು ಇಳಿಯುತ್ತದೆ. ಹಾಗೇ ಇಳಿದಿದ್ದರೆ ದೇಹಸಂಪರ್ಕದಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೆ ಅದು ಮೈಯಿಂದ ಹೋಗಿರುವುದಿಲ್ಲ, ಜೀವಕೋಶಗಳೊಳಗೆ ಅಡಗಿರುತ್ತದೆ. ಗುಳಿಗೆ ಬಿಟ್ಟ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ.

ಔಷಧ ಇಷ್ಟು ಸುಲಭವಾಗಿದೆ, ಅದರ ಬಳಿ ಹೋಗುವ ದಾರಿ ಆಗಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು, ಅದರಿಂದ ನಮ್ಮವರಿಗೆ ನಿಜವಾಗಿಯೂ ಅನುಕೂಲವಾಗಿದೆ. ಆದರೆ ಕೇಂದ್ರ ತೆರೆದಿರುವುದು ಕೂಲಿಯ ಹೊತ್ತಿನಲ್ಲೇ. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ್ದಕ್ಕೆ ಹೋಗುವವರೂ ಬಹಳ. ಆ ದಿನದ ಪಗಾರ ಯಾರು ಕೊಡುತ್ತಾರೆ?

ಮರುದಿನ ಅವಳು ಬಂದಳು. ಬಸ್‌ಸ್ಟ್ಯಾಂಡಿನಿಂದ ಕೇಂದ್ರದವರೆಗೂ ಜೊತೆಗೆ ಹೋದೆ, ಕೌಂಟರಿನಲ್ಲಿ ಪಕ್ಕದಲ್ಲೇ ನಿಂತೆ. ಈ ಸಲ ಯಾರೂ ಗದರಲಿಲ್ಲ. ಕೆಮ್ಮು, ಜ್ವರ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀಯಾ ಎಂದು ಡಾಕ್ಟರು ಕೇಳಿದರು, ಟಿಬಿ ಪರೀಕ್ಷೆ ಮಾಡಿಸಿದರು. ಟಿಬಿ ಇರಲಿಲ್ಲ. ಅದೇ ಗುಳಿಗೆ ಮತ್ತೆ ಶುರುವಾಯಿತು. ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣ ತೆಗೆಯಬೇಡ, ಗುಳಿಗೆಗಳನ್ನು ಹೊರಗೆ ಸುರಿಯಬೇಡ, ಸಪ್ಪಳವಾಗದ ಹಾಗೆ ಮೇಲೆ ಒಂದಿಷ್ಟು ಹತ್ತಿ ಇಡು ಎಂದು ಹೇಳಿಕೊಟ್ಟೆ. ನಾನೂ ಹಾಗೇ ಇಟ್ಟುಕೊಂಡವಳು.

ಕಬ್ಬಿನ ಹಂಗಾಮು ಬರುವ ಹೊತ್ತಿಗೆ ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ವರದಿ ಬಂತು: ಟಿಎನ್‌ಡಿ, ಅಂದರೆ ವೈರಸ್ಸು ಸಿಕ್ಕಿಲ್ಲ. ಮೂರು ತಿಂಗಳ ಗುಳಿಗೆ ಒಟ್ಟಿಗೇ ಕೊಟ್ಟರು. ಮುಗಿದರೆ ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕ ತೋರಿಸಿ ಅಲ್ಲಿಯ ಕೇಂದ್ರದಲ್ಲೇ ಕೇಳು ಎಂದು ವಿಳಾಸ ಬರೆದುಕೊಟ್ಟೆವು. ಅಣ್ಣನಿಗೆ ಅವಳು ಇನ್ನೂ ಹೇಳಿಲ್ಲ, ಹೇಳು ಎಂದು ನಾನೂ ಒತ್ತಾಯಿಸಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕೊಲ್ಲಾಪುರದಿಂದ ಫೋನ್ ಮಾಡಿದ್ದಳು. ತನ್ನ ಗುಳಿಗೆಗಾಗಿ ಅಲ್ಲ. ಪಕ್ಕದ ಗುಡಿಸಲಿನವಳೊಬ್ಬಳು ತಾನಾಗಿಯೇ ಹೇಳಿಕೊಂಡು ಅತ್ತಳಂತೆ, ಅವಳದೂ ಗುಳಿಗೆ ಮುಗಿದು ವಾರವಾಗಿತ್ತಂತೆ. "ನಾನಽ ಕರ್ಕೊಂಡು ಹೋಗ್ಲೇನ್ರಿ ಅಕ್ಕಾರ?" ಎಂದು ಕೇಳಿದಳು. ಮುಕಾದಮನಿಗೆ ಏನು ಹೇಳಿ ಅರ್ಧ ದಿನ ಬಿಡಿಸಿಕೊಳ್ಳಬೇಕೆಂದು ಇಬ್ಬರೂ ಕೂಡಿ ವಿಚಾರ ಮಾಡಿದೆವು.