ಫ್ರಟರ್ನಿಟಿಗೆ ಸೇರಲೇ ಎಂದು ಕೇಳಿದ ಹುಡುಗನಿಗೆ

ಕಳೆದ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಕುವೆಂಪುನಗರದ ನಮ್ಮ ಮನೆಯಲ್ಲಿ ಕಾಫಿಗೆ ಹಾಲು ಕಾಯುತ್ತಿದ್ದ ಹೊತ್ತಿನಲ್ಲಿ, ಅಮೆರಿಕದಲ್ಲಿ ಇಂಜಿನಿಯರಿಂಗ್ ಓದಲು ಹೋಗಿರುವ ಅಣ್ಣನ ಮಗ ವಿಡಿಯೊ ಕರೆ ಮಾಡಿದ. ಅಲ್ಲಿ ಆಗ ರಾತ್ರಿ. ದೀಪ ಹಾಕಿದ್ದ, ಬಿಳಿ ಕಂಬಗಳ ದೊಡ್ಡ ಮನೆಯೊಂದನ್ನು ತೋರಿಸಿದ. ಬಾಗಿಲಿನ ಮೇಲೆ ಮೂರು ಗ್ರೀಕ್ ಅಕ್ಷರಗಳಿದ್ದವು. “ಚಿಕ್ಕಪ್ಪ, ಇವರು ನನಗೆ ಬಿಡ್ ಕೊಟ್ಟಿದ್ದಾರೆ. ಶುಕ್ರವಾರದೊಳಗೆ ಹೇಳಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ, ನೀವೇನಂತೀರಿ?” ಎಂದ.

ಅದು ಒಂದು ಫ್ರಟರ್ನಿಟಿಯ, ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಕಾಲೇಜು ಹುಡುಗರ ಕೂಟದ, ಮನೆ. ಬಿಡ್ ಎಂದರೆ ಅದಕ್ಕೆ ಸೇರಲು ಬರುವ ಆಹ್ವಾನ. ಸೆಮಿಸ್ಟರಿನ ಆರಂಭದಲ್ಲಿ ರಶ್ ಎಂಬ ಹೆಸರಿನಲ್ಲಿ ಹುಡುಗರು ಮನೆಯಿಂದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ, ಮನೆಯವರು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾರೆ, ಆಯ್ಕೆಯಾದವರು ಕೆಲವು ವಾರ ಉಮೇದುವಾರರಾಗಿದ್ದು ಕೊನೆಗೆ ಗುಟ್ಟಿನ ದೀಕ್ಷೆ ಪಡೆಯುತ್ತಾರೆ. ಹುಡುಗಿಯರದಾದರೆ ಸೊರಾರಿಟಿ. ಗ್ರೀಕ್ ಅಕ್ಷರಗಳ ಈ ಪದ್ಧತಿ 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಎಂಬ ಕೂಟದಿಂದ ಮೊದಲಾಯಿತು. ಜ್ಞಾನದ ಪ್ರೀತಿಯೇ ಬಾಳಿನ ಚುಕ್ಕಾಣಿ ಎಂಬರ್ಥದ ಗ್ರೀಕ್ ಧ್ಯೇಯವಾಕ್ಯದ ಮೊದಲಕ್ಷರಗಳೇ ಅದರ ಹೆಸರು. ಅದೀಗ ಓದಿನಲ್ಲಿ ಮುಂದಿರುವವರಿಗೆ ಸಲ್ಲುವ ಗೌರವವಾಗಿ ಉಳಿದಿದೆ. ಒಟ್ಟಿಗೆ ಉಣ್ಣುವ, ಒಂದೇ ಮನೆಯಲ್ಲಿ ಇರುವ, ಪಾರ್ಟಿ ಮಾಡುವ ಇಂದಿನ ಫ್ರಟರ್ನಿಟಿಗಳ ಬೇರು 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಕಪ್ಪಾ ಆಲ್ಫಾ ಕೂಟದಲ್ಲಿದೆ.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ನೆನಪಾದದ್ದು ನಾನಿದ್ದ ಹಾಸ್ಟೆಲು. ಪಾಂಡವಪುರದ ಕಡೆಯ ಹಳ್ಳಿಯಿಂದ ಪದವಿ ಓದಲು ಮೈಸೂರಿಗೆ ಬಂದ ನನಗೆ ನಮ್ಮ ಸಮುದಾಯದ ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಹೊಸಬರು ಬೆಳಗಿನ ಐದಕ್ಕೆ ಎದ್ದು, ಹಿತ್ತಲಿನ ಹಂಡೆಯಿಂದ ಸೀನಿಯರುಗಳ ಬಚ್ಚಲಿಗೆ ಬಿಸಿನೀರು ಹೊರಬೇಕಾಗಿತ್ತು. ಬಕೆಟ್ಟಿನ ಹಿಡಿಕೆಯ ಮರದ ಗುಬುಟು ಕಳಚಿಹೋಗಿದ್ದರಿಂದ ಬರಿಯ ತಂತಿ ಅಂಗೈಗೆ ಕೊರೆಯುತ್ತಿತ್ತು. ರಾತ್ರಿ ಮುದ್ದೆ ಉಂಡ ಮೇಲೆ ಅವರ ತಟ್ಟೆಗಳನ್ನೂ ನಾವೇ ತೊಳೆಯಬೇಕು. ಅದಕ್ಕೆ ರ‍್ಯಾಗಿಂಗ್ ಎಂಬ ಹೆಸರಿದೆಯೆಂದು ನಮಗೆ ಆಗ ಗೊತ್ತಿರಲಿಲ್ಲ, ದೂರು ಕೊಡುವ ಯೋಚನೆಯೂ ಬರಲಿಲ್ಲ. ಆದರೆ ನನಗೆ ಕಾಮಾಲೆಯಾದಾಗ ಹಾಸಿಗೆಯ ಪಕ್ಕದಲ್ಲಿ ಕೂತು ಮಜ್ಜಿಗೆ ಕುಡಿಸಿದವನು, ಮುಂದೆ ಮಂಡ್ಯದಲ್ಲಿ ನನ್ನ ಮೊದಲ ಕೆಲಸಕ್ಕೆ ಒಂದು ಮಾತು ಹೇಳಿದವನು, ಅದೇ ಸೀನಿಯರುಗಳಲ್ಲಿ ಒಬ್ಬ. ಹೀಗಾಗಿ ಅವನ ಬಗ್ಗೆ ಕೋಪ ಮಾಡಿಕೊಳ್ಳುವುದು ನನ್ನಿಂದ ಇವತ್ತಿಗೂ ಆಗಿಲ್ಲ. ಅಂಥ ಕೂಟಗಳ ಬಲ ಇರುವುದೇ ಅಲ್ಲಿ ಎಂದು ಈಗ ಅನ್ನಿಸುತ್ತದೆ.

ನೀರು ಹೊತ್ತದ್ದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ಮೂರು ವರ್ಷ ರಸ್ತೆಯಾಚೆಯ ಇನ್ನೊಂದು ಸಮುದಾಯದ ಹಾಸ್ಟೆಲಿನ ಒಬ್ಬ ಹುಡುಗನ ಹೆಸರೂ ನನಗೆ ತಿಳಿಯಲಿಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುವ ಬಗೆಯನ್ನು ನೋಡಲು ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ ಕಾಲದ ಮೈಸೂರಿನಲ್ಲಿ, ಬೇರೆಡೆ ಎಡೆ ಸಿಗದ ಮಕ್ಕಳಿಗಾಗಿ ಇಂಥ ಹಾಸ್ಟೆಲುಗಳು ಬೇಕೇ ಆಗಿದ್ದವು. ಅಮೆರಿಕದಲ್ಲಿಯೂ 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಕಟ್ಟಿಕೊಂಡದ್ದು ಬಿಳಿಯರ ಮನೆಗಳ ಬಾಗಿಲು ಮುಚ್ಚಿದ್ದರಿಂದ. ನಮ್ಮ ಕಡೆಯ ಮಕ್ಕಳೇ ಹೆಚ್ಚಾಗಿರುವ ದಕ್ಷಿಣ ಏಷ್ಯಾದವರ ಫ್ರಟರ್ನಿಟಿಗಳೂ 1990ರ ದಶಕದಿಂದ ಇವೆ. ಬಾಗಿಲು ತೆರೆದಿರುವ ಹುಡುಗನೂ ಒಂದೇ ಮನೆಯೊಳಗೆ ಕೂತುಬಿಟ್ಟರೆ ಅಷ್ಟು ದೂರ ಹೋದದ್ದೇಕೆ ಎಂಬುದು ನನ್ನ ತಕರಾರು.

ಅತ್ತಿಗೆಯ ಭಯ ಕುಡಿತದ್ದು. ಅದು ಸುಳ್ಳು ಭಯವಲ್ಲ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫ್ರಟರ್ನಿಟಿಯೊಂದರಲ್ಲಿ, ಹೊಸಬರಿಗೆ ಕುಡಿಸುವ ರಾತ್ರಿ ಮೆಟ್ಟಿಲಿನಿಂದ ಬಿದ್ದ 19 ವರ್ಷದ ಹುಡುಗನಿಗಾಗಿ ಸುಮಾರು ಹನ್ನೆರಡು ಗಂಟೆ ಯಾರೂ ಆಂಬ್ಯುಲೆನ್ಸ್ ಕರೆಯಲಿಲ್ಲ, ಅವನು ಉಳಿಯಲಿಲ್ಲ. ನಮ್ಮಲ್ಲಿ ಯುಜಿಸಿ 2009ರಲ್ಲಿ ರ‍್ಯಾಗಿಂಗ್ ತಡೆಯ ನಿಯಮಾವಳಿ ತಂದು, ವಿದ್ಯಾರ್ಥಿ ಮತ್ತು ಪೋಷಕರಿಬ್ಬರಿಂದಲೂ ಪ್ರಮಾಣಪತ್ರ ಬರೆಸಿಕೊಳ್ಳುತ್ತದೆ. ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಯಾವ ಕೂಟ ಇಂಥ ತಪ್ಪಿಗೆ ಸಿಕ್ಕಿಬಿದ್ದಿದೆ ಎಂಬುದನ್ನು ವಿಶ್ವವಿದ್ಯಾಲಯಗಳೇ ಪ್ರಕಟಿಸಬೇಕು. ನಾನು ಹುಡುಗನಿಗೆ ಮೊದಲು ಹೇಳಿದ್ದು ಆ ವರದಿಯನ್ನು ಹುಡುಕಿ ಓದು ಎಂದು; ಆಮೇಲೆ, ಚಂದಾ ಎಷ್ಟು, ನಡುವೆ ಬಿಟ್ಟರೆ ಹಣ ವಾಪಸು ಬರುತ್ತದೆಯೇ, ಹೊಸಬರು ಆ ಕೆಲವು ವಾರ ಏನೇನು ಮಾಡಬೇಕು ಎಂದು ಅಲ್ಲಿನವರನ್ನೇ ನೇರವಾಗಿ ಕೇಳು ಎಂದು.

ಎರಡು ದಿನ ಬಿಟ್ಟು ಮತ್ತೆ ಕರೆ ಮಾಡಿದ. ವರದಿಯಲ್ಲಿ ಆ ಮನೆಯ ಹೆಸರಿರಲಿಲ್ಲ. ಚಂದಾ ಸೆಮಿಸ್ಟರಿಗೆ ಸಾವಿರ ಡಾಲರಿನ ಆಚೀಚೆ. ಹೊಸಬರ ಕೆಲಸದ ಬಗ್ಗೆ ಕೇಳಿದಾಗ ಮಾತ್ರ ಒಬ್ಬ ಸೀನಿಯರ್ ನಕ್ಕು, “ಅದು ಬಂದ ಮೇಲೆ ತಿಳಿಯುತ್ತದೆ” ಎಂದನಂತೆ. “ಆ ನಗು ನನಗೆ ಸರಿ ಕಾಣಲಿಲ್ಲ ಚಿಕ್ಕಪ್ಪ” ಎಂದ. ಮೊದಲ ಸೆಮಿಸ್ಟರಿನವರನ್ನು ಸೇರಿಸಿಕೊಳ್ಳಲೇಬಾರದೆಂದು ಕೆಲವು ವಿಶ್ವವಿದ್ಯಾಲಯಗಳಲ್ಲಿ ನಿಯಮವಿದೆ, ಅವನದರಲ್ಲಿ ಇಲ್ಲ. ಆ ನಿಯಮವನ್ನು ನೀನೇ ಹಾಕಿಕೋ ಎಂದೆ.

ಶುಕ್ರವಾರ ಈ ಸಲಕ್ಕೆ ಬೇಡವೆಂದು ತಿಳಿಸಿದ. ಜನವರಿಯಲ್ಲಿ ಮತ್ತೆ ರಶ್ ಇದೆಯಂತೆ, ಆಗ ಬೇರೆ ಎರಡು ಮನೆಗಳನ್ನೂ ನೋಡುತ್ತಾನಂತೆ. ಅತ್ತಿಗೆಗೆ ಮೊದಲ ಸುದ್ದಿಯನ್ನಷ್ಟೇ ಹೇಳಿದ್ದೇನೆ.