ಅವ್ವನ ಕೋಣೆಗೆ ಬಿಸಿ ತಲುಪಿಸುವ ಕೆಲಸ

ನವೆಂಬರ್ 8, ಶನಿವಾರ

ಇಂಗ್ಲೆಂಡಿನ ಲೀಡ್ಸ್‌ನ ಈ ಹಳೆಯ ಸಾಲುಮನೆಗೆ ನಾವು ಬಂದದ್ದು ಬೇಸಿಗೆಯಲ್ಲಿ. ಬಿಸಿನೀರು ಹರಿದು ಕೋಣೆ ಕಾಯಿಸುವ ಒಂಬತ್ತು ರೇಡಿಯೇಟರ್‌ಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂದು ನೋಡುವ ಪ್ರಮೇಯ ಆಗ ಬರಲಿಲ್ಲ. ಮುಂದಿನ ತಿಂಗಳು ಮಾನ್ವಿಯಿಂದ ಅವ್ವ ಬರುತ್ತಾಳೆ. ಅವಳಿಗೆಂದು ಇಟ್ಟಿರುವ ಮಹಡಿಯ ಹಿಂದಿನ ಕೋಣೆ ರಾತ್ರಿ 14 ಡಿಗ್ರಿ ದಾಟುತ್ತಿಲ್ಲ. ಬಿಸಿಲಿನ ಊರಿನಲ್ಲೇ ಬಾಳಿದ ಜೀವ ಅದು.

ನೀರು ಕಾಯಿಸುವ ಬಾಯ್ಲರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಒಂದೊಂದರ ಮೇಲೂ ಅಂಗೈ ಇಟ್ಟು ನೋಡಿದೆ. ಎರಡು ಕೆಳಗೆ ಬಿಸಿ, ಮೇಲೆ ತಣ್ಣಗೆ: ಗಾಳಿ ಸೇರಿದೆ. ಪಡಸಾಲೆಯದು ಸುತ್ತ ಬಿಸಿ, ಕೆಳಗೆ ನಡುಭಾಗ ಮಾತ್ರ ತಣ್ಣಗೆ: ಕೆಸರು ಕೂತಿದೆ. ಅವ್ವನ ಕೋಣೆಯದು ಇಡಿಯಾಗಿ ತಣ್ಣಗೆ.

ಗಾಳಿಯ ಕೆಲಸ ಇಂದೇ ಮುಗಿಯಿತು. ಎಲ್ಲ ಆರಿದ ಮೇಲೆ ಮೂಲೆಯ ತಿರುಪನ್ನು ಚಿಕ್ಕ ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿದೆ. ಬುಸ್ ಎಂದು ಗಾಳಿ ಹೊರಟಿತು; ನೀರು ಹನಿಯುತ್ತಲೇ ಬಿಗಿದೆ. ಕೊಳವೆಗಳಲ್ಲಿನ ನೀರಿನ ಒತ್ತಡ 0.7 ಬಾರ್‌ಗೆ ಇಳಿದಿತ್ತು, ನೀರು ತುಂಬಿಸಿ 1.3ಕ್ಕೆ ತಂದೆ.

ನವೆಂಬರ್ 9

ಅವ್ವನ ಕೋಣೆಯ ವಾಲ್ವ್‌ನ ಪ್ಲಾಸ್ಟಿಕ್ ತಲೆ ಬಿಚ್ಚಿದರೆ ನೀರಿನ ದಾರಿ ತೆರೆದು ಮುಚ್ಚುವ ಒಳಗಿನ ಪಿನ್ ಕೆಳಗೇ ಕಚ್ಚಿಕೊಂಡಿತ್ತು. ಬೇಸಿಗೆಯಿಡೀ ಮುಚ್ಚಿಟ್ಟರೆ ಹೀಗಾಗುತ್ತದೆ. ಇಕ್ಕಳ ಹಾಕಿ ಜಗ್ಗಬಾರದು. ಪಿನ್ ಕಿತ್ತು ಬಂದರೆ ಹಿಂದೆಯೇ ನೀರು ಚಿಮ್ಮುತ್ತದೆ. ಎಣ್ಣೆ ಬಿಟ್ಟು, ಪಕ್ಕದಿಂದ ಮೆಲ್ಲಗೆ ತಟ್ಟಿದೆ. ಸ್ವಲ್ಪ ಹೊತ್ತಿಗೆ ಟಕ್ ಎಂದು ಮೇಲೆದ್ದಿತು. ಆದರೂ ರೇಡಿಯೇಟರ್ ಉಗುರುಬೆಚ್ಚಗೆ ಮಾತ್ರ.

ನವೆಂಬರ್ 15

ಪಡಸಾಲೆಯದನ್ನು ಗೋಡೆಯಿಂದ ಇಳಿಸಿದೆ. ಎರಡೂ ಕಡೆ ವಾಲ್ವ್ ಮುಚ್ಚಿ, ಅಡಿಯಲ್ಲಿ ಅಗಲವಾದ ತಟ್ಟೆಯಿಟ್ಟು ನಟ್ಟು ಸಡಿಲಿಸಿದಾಗ ಮೊದಲು ಕಂದು ನೀರು, ಆಮೇಲೆ ಕಾಡಿಗೆಯಂಥ ಕಪ್ಪು. ಅಂಗಳಕ್ಕೆ ಒಯ್ದು ಪೈಪಿನಿಂದ ನೀರು ಬಿಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ತೊಳೆದೆ. ತಿಳಿನೀರು ಬರಲು ನಲವತ್ತು ನಿಮಿಷ ಹಿಡಿಯಿತು.

ಬಕೆಟ್ಟಿನ ತಳದಲ್ಲಿ ಕೂತ ಕೆಸರಿಗೆ ಮಗಳು ಫ್ರಿಜ್ಜಿನ ಮೇಲಿನ ಆಯಸ್ಕಾಂತ ತಂದು ಅದ್ದಿದಳು. ಅದು ಮೇಲೆ ಬರುವಾಗ ಮುಳ್ಳುಮುಳ್ಳಾದ ಕಪ್ಪು ಗಡ್ಡ ಬೆಳೆದಿತ್ತು. ರೇಡಿಯೇಟರ್‌ನದೇ ಉಕ್ಕು ಒಳಗೊಳಗೇ ಸವೆದು ಮ್ಯಾಗ್ನೆಟೈಟ್ ಎಂಬ ಕಪ್ಪು ತುಕ್ಕು ಆಗಿದೆ. ಹಾಗಾಗಿ ತೊಳೆದರಷ್ಟೇ ಸಾಲದು. ಮತ್ತೆ ಕೂರಿಸುವ ಮುನ್ನ ಒಂದು ಲೀಟರ್ ತುಕ್ಕುನಿರೋಧಕವನ್ನು ಅದರೊಳಕ್ಕೇ ಸುರಿದೆ.

ನವೆಂಬರ್ 22

ಅವ್ವನ ಕೋಣೆಯ ಒಗಟನ್ನು ಇಂದು ಬಿಡಿಸಿದೆ. ಎಲ್ಲ ವಾಲ್ವ್ ತೆರೆದು, ತಣ್ಣನೆಯ ಸ್ಥಿತಿಯಿಂದ ಬಾಯ್ಲರ್ ಹಚ್ಚಿ, ಯಾವುದು ಮೊದಲು ಕಾಯುತ್ತದೆ ಎಂದು ಬರೆದುಕೊಂಡೆ. ಬಾಯ್ಲರ್ ಪಕ್ಕದ ಅಡುಗೆಮನೆಯದು ಮೂರೇ ನಿಮಿಷ. ಅವ್ವನ ಕೋಣೆಯದು ಕಟ್ಟಕಡೆಗೆ.

ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲಿನವರು ತೂಬು ಪೂರ್ತಿ ತೆರೆದರೆ ನಮಗೆ ನೀರಿಲ್ಲ. ಇಲ್ಲಿಯೂ ಅದೇ ಕಥೆ: ನೀರು ಸುಲಭದ ದಾರಿ ಹಿಡಿದು ಹತ್ತಿರದ ರೇಡಿಯೇಟರ್‌ಗಳಲ್ಲೇ ಸುತ್ತಿ ಹಿಂದಿರುಗುತ್ತಿತ್ತು. ಪಂಪಿನ ಬಲ ಹೆಚ್ಚಿಸಬೇಕಿಲ್ಲ, ಮೇಲಿನ ತೂಬುಗಳನ್ನು ಕಿರಿದು ಮಾಡಬೇಕು.

ಪ್ರತಿ ರೇಡಿಯೇಟರ್‌ನ ಇನ್ನೊಂದು ತುದಿಯಲ್ಲಿ ಟೊಪ್ಪಿಗೆ ಹಾಕಿದ ವಾಲ್ವ್ ಇರುತ್ತದೆ. ಅದೇ ಲಾಕ್‌ಶೀಲ್ಡ್. ಅಡುಗೆಮನೆಯದನ್ನು ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆದೆ. ಬರುವ ಮತ್ತು ಹೋಗುವ ಕೊಳವೆಗಳಿಗೆ ಥರ್ಮಾಮೀಟರ್ ಕಚ್ಚಿಸಿ, ನಡುವಿನ ಅಂತರ 12 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ತಿದ್ದಿದೆ. ಹೀಗೇ ದೂರ ಹೋದಂತೆ ಹೆಚ್ಚು ತೆರೆಯುತ್ತಾ, ಅವ್ವನ ಕೋಣೆಯದನ್ನು ಪೂರ್ತಿ ಬಿಟ್ಟೆ. ತಿದ್ದಿದ ಮೇಲೆ ಪ್ರತಿಬಾರಿ ಹತ್ತು ನಿಮಿಷ ಕಾಯಬೇಕು. ಇಡೀ ಮಧ್ಯಾಹ್ನ ಹೋಯಿತು, ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಹೊತ್ತು ಇನ್ನೊಂದಿಲ್ಲ.

ನವೆಂಬರ್ 29

ಹಿಂದಿನ ಕೋಣೆ ರಾತ್ರಿ 19 ಡಿಗ್ರಿ. ಬಾಯ್ಲರ್‌ನಿಂದ ಹೊರಡುವ ನೀರನ್ನು 75ರಿಂದ 62 ಡಿಗ್ರಿಗೆ ಇಳಿಸಿದರೂ ಮನೆ ಬೆಚ್ಚಗಿದೆ. ಹಿಂದಿರುಗುವ ನೀರು 55ಕ್ಕಿಂತ ಕೆಳಗಿದ್ದರೆ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯ ಹಬೆಯಲ್ಲಿರುವ ಶಾಖವನ್ನೂ ಹಿಡಿದುಕೊಳ್ಳುತ್ತದೆ. ಬಾಯ್ಲರ್‌ನ ಮುಚ್ಚಳವನ್ನು ಮಾತ್ರ ನಾನು ಮುಟ್ಟಿಲ್ಲ. ಅದರ ಸರ್ವೀಸಿಗೆ ಗ್ಯಾಸ್ ಕೆಲಸಕ್ಕೆ ಇಲ್ಲಿ ಬೇಕಾದ ಗ್ಯಾಸ್ ಸೇಫ್ ನೋಂದಣಿ ಇರುವವರಿಗೆ ಹೇಳಿದ್ದೇನೆ. ಅವರು ಬಂದಾಗ ಹಿಂದಿರುಗುವ ಕೊಳವೆಗೆ ಆಯಸ್ಕಾಂತದ ಫಿಲ್ಟರನ್ನೂ ಹಾಕಿಸಬೇಕು.

ಯಾವ ವಾಲ್ವ್ ಎಷ್ಟು ಸುತ್ತು ತೆರೆದಿದೆ ಎಂಬ ಚೀಟಿಯನ್ನು ಬಾಯ್ಲರ್ ಇರುವ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ.