ಹಿಡಿದು ತಿಂದರೆ ಮುಗೀತಲ್ವಾ ಅನ್ನೋರಿಗೆ

ಹೊರಗಿನಿಂದ ಬಂದು ಹೊಳೆ ತುಂಬಿಕೊಂಡಿರುವ, ಇಕ್ಕಳ ಇರುವ ಸಿಹಿನೀರಿನ ದೊಡ್ಡ ಸೀಗಡಿಯಂಥ ಕ್ರೇಫಿಶ್‌ಗಳ ಮಾತು ಎಲ್ಲಿ ಬಂದರೂ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಹಿಡಿದು ತಿಂದುಬಿಡಿ, ಕಾಟವೂ ತಪ್ಪಿತು, ಊಟವೂ ಆಯಿತು. ಕೇಳೋಕೆ ಚೆನ್ನಾಗಿದೆ. ಆದರೆ ಯುರೋಪಿನ ನೀರಿಗೆ ಇವುಗಳಲ್ಲಿ ಹೆಚ್ಚಿನವು ಬಂದಿದ್ದೇ ತಿನ್ನುವ ಆಸೆಯಿಂದ.

ಸ್ವೀಡನ್ನನ್ನೇ ನೋಡಿ. ಅಲ್ಲಿ ಆಗಸ್ಟ್ ಬಂತೆಂದರೆ ಎಲ್ಲರೂ ಸೇರಿ ಕ್ರೇಫಿಶ್ ಬೇಯಿಸಿ ತಿನ್ನುವುದೇ ಒಂದು ಹಬ್ಬ. 1907ರಲ್ಲಿ ಕ್ರೇಫಿಶ್ ಪ್ಲೇಗ್ ಅನ್ನೋ, ಕ್ರೇಫಿಶ್ ಕೊಲ್ಲುವ ರೋಗ ಆ ದೇಶಕ್ಕೆ ಕಾಲಿಟ್ಟಿತು. ಅಲ್ಲಿನ ಮೂಲ ತಳಿಯಾದ ನೋಬಲ್ ಕ್ರೇಫಿಶ್ ಒಂದಾದ ಮೇಲೊಂದು ಸರೋವರದಲ್ಲಿ ಸಾಯುತ್ತಾ ಹೋಯಿತು. ಹಬ್ಬ ನಿಲ್ಲಿಸೋಕಾಗುತ್ತಾ? 1960ರ ದಶಕದಲ್ಲಿ ಅಮೆರಿಕದಿಂದ ಸಿಗ್ನಲ್ ಕ್ರೇಫಿಶ್ ತಂದು ಬಿಟ್ಟರು, ಯಾಕೆಂದರೆ ಅದು ಈ ಪ್ಲೇಗಿಗೆ ಅಷ್ಟು ಸುಲಭವಾಗಿ ಸಾಯೋದಿಲ್ಲ. ಸಾಯೋದಿಲ್ಲ, ಸರಿ. ರೋಗವನ್ನು ಮೈಮೇಲೆ ಹೊತ್ತು ಹಂಚುವುದೂ ಅದೇ! 1970ರ ದಶಕದಲ್ಲಿ ಬ್ರಿಟನ್‌ಗೂ ಇದನ್ನು ಸಾಕಣೆಗೆ ಅಂತ ತಂದರು, ಸಾಕಣೆ ಕೊಳದಿಂದ ಅದು ಹೊಳೆಗೆ ಇಳಿಯಿತು.

ಈ ಪ್ಲೇಗ್ ತರುವುದು ಬೂಷ್ಟಿನಂತೆ ಕಾಣುವ ಒಂದು ನೀರಿನ ಜೀವಿ, ಆಲೂಗಡ್ಡೆಗೆ ಅಂಗಮಾರಿ ತರುವ ಜೀವಿಯ ದೂರದ ನೆಂಟ. ಸಿಗ್ನಲ್ ಕ್ರೇಫಿಶ್ ತನ್ನ ಚಿಪ್ಪಿನಲ್ಲೇ ಅದರ ಸುತ್ತ ಕಪ್ಪು ಗೋಡೆ ಕಟ್ಟಿ ತಡೆಯುತ್ತದೆ, ಮೇಲೆ ಕಂದು ಕಲೆ ಉಳಿಯುತ್ತದೆ, ಅಷ್ಟೇ. ಬ್ರಿಟನ್ನಿನ ಮೂಲ ತಳಿಯಾದ ಬಿಳಿ ಇಕ್ಕಳದ ಕ್ರೇಫಿಶ್‌ಗೆ ಆ ಶಕ್ತಿ ಇಲ್ಲ. ರಾತ್ರಿ ಮಾತ್ರ ಹೊರಬರುವ ಪ್ರಾಣಿ ಹಾಡಹಗಲೇ ಬಯಲಿಗೆ ಬರುತ್ತದೆ. ಮರಗಾಲು ಕಟ್ಟಿಕೊಂಡವರ ಹಾಗೆ ಸೆಟೆದ ಕಾಲುಗಳ ಮೇಲೆ ಎದ್ದು ತಡವರಿಸುತ್ತಾ ನಡೆಯುತ್ತದೆ, ಆಮೇಲೆ ಅಂಗಾತ ಬಿದ್ದರೆ ಮತ್ತೆ ಮಗುಚಿಕೊಳ್ಳೋಕೆ ಆಗೋದಿಲ್ಲ. ಕೆಲವೇ ವಾರಗಳಲ್ಲಿ ಇಡೀ ಹೊಳೆಯೇ ಖಾಲಿಯಾಗಬಹುದು. ಇದಕ್ಕೆ ಸಿಗ್ನಲ್ ಕ್ರೇಫಿಶ್ ಆ ಹೊಳೆಗೆ ಬರಲೇಬೇಕು ಅಂತಲೂ ಇಲ್ಲ. ರೋಗ ಇರುವ ನೀರಿನಲ್ಲಿ ನೆನೆದ ಬೂಟು ಅಥವಾ ಬಲೆಯನ್ನು ಒಣಗಿಸದೆ ಇಲ್ಲಿ ಅದ್ದಿದರೂ ಸಾಕು.

ಈಗ ಹಿಡಿಯುವ ವಿಷಯ. ಬೋನು ಇಟ್ಟರೆ ಬೀಳೋದು ದೊಡ್ಡವು, ಅದರಲ್ಲೂ ಗಂಡುಗಳೇ ಜಾಸ್ತಿ. ಉತ್ತರ ಇಂಗ್ಲೆಂಡಿನ ಒಂದು ತೊರೆಯಲ್ಲಿ ಸಂಶೋಧಕರು ನೀರನ್ನೇ ಬತ್ತಿಸಿ ಎಣಿಸಿದರು. ಬೋನಿಗೆ ಬೀಳುವಷ್ಟು ಗಾತ್ರದ ಸಿಗ್ನಲ್ ಕ್ರೇಫಿಶ್ ಇದ್ದದ್ದು ಶೇಕಡಾ 2.3 ಮಾತ್ರ. ಕೆಲವು ಕಡೆ ಒಂದು ಚದರ ಮೀಟರಿನಲ್ಲೇ ನೂರಕ್ಕಿಂತ ಜಾಸ್ತಿ ಇದ್ದವು, ಬಹುಪಾಲು ಚಿಕ್ಕವು. ದೊಡ್ಡವು ಚಿಕ್ಕವನ್ನು ತಿನ್ನುತ್ತವೆ, ಹಾಗಾಗಿ ದೊಡ್ಡವನ್ನು ತೆಗೆದರೆ ಮರಿಗಳಿಗೆ ಇನ್ನೂ ಅನುಕೂಲವೇ. ಒಂದು ಹೆಣ್ಣು ಬಾಲದಡಿ ಇನ್ನೂರರಿಂದ ನಾನೂರು ಮೊಟ್ಟೆ ಅಂಟಿಸಿಕೊಂಡು ತಿರುಗುತ್ತದೆ ಅನ್ನೋದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಅದೂ ಅಲ್ಲದೆ, ಮಾರಿ ನಾಲ್ಕು ಕಾಸು ನೋಡಿದವನಿಗೆ ಅದು ಮುಗಿದುಹೋಗಲಿ ಅಂತ ಯಾಕೆ ಅನ್ನಿಸುತ್ತದೆ? ಪಕ್ಕದ ಹೊಳೆಗೂ ನಾಲ್ಕು ಬಿಟ್ಟು ಬರುತ್ತಾನೆ.

ಮಾರ್ಬಲ್ಡ್ ಕ್ರೇಫಿಶ್‌ಗೆ ನಾಲ್ಕೂ ಬೇಕಿಲ್ಲ, ಒಂದು ಸಾಕು. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಂಡ ಈ ತಳಿಯಲ್ಲಿ ಎಲ್ಲವೂ ಹೆಣ್ಣೇ, ಗಂಡಿಲ್ಲದೆ ತನ್ನದೇ ತದ್ರೂಪುಗಳನ್ನು ಹೆರುತ್ತವೆ. ಮಡಗಾಸ್ಕರ್‌ನಲ್ಲಿ ಇದು ಹಬ್ಬಿದ್ದರಲ್ಲೂ ತಿನ್ನೋಕೆ, ಮಾರೋಕೆ ಅಂತ ಜನ ಹೊತ್ತುಕೊಂಡು ಓಡಾಡಿದ್ದರ ಪಾಲು ದೊಡ್ಡದು.

ಹಾಗಂತ ಹಿಡಿದದ್ದನ್ನು ತಿನ್ನಲೇಬೇಡಿ ಅಂತಲ್ಲ. ತಿಂದು ಹೊಳೆ ಉಳಿಸಿದೆವು ಅಂತ ಹೇಳಬೇಡಿ ಅಷ್ಟೇ. ಬ್ರಿಟನ್ನಿನಲ್ಲಿ ಈಗ ಭರವಸೆ ಇಟ್ಟುಕೊಂಡಿರೋದು ಬೇರೆ ದಾರಿಯ ಮೇಲೆ. ಉಳಿದಿರುವ ಬಿಳಿ ಇಕ್ಕಳದವನ್ನು ಎತ್ತಿಕೊಂಡು ಹೋಗಿ, ಯಾವ ಹೊಳೆಗೂ ಕೂಡದ ಹಳೆಯ ಕಲ್ಲುಗಣಿಯ ಹೊಂಡಗಳಲ್ಲಿ ಬಿಡುತ್ತಾರೆ. ಮೀನು ಹಿಡಿಯುವವರಿಗೆ ಹೇಳೋದು ಇಷ್ಟೇ: ಬೂಟು, ಬಲೆ ನೋಡಿ, ತೊಳೆಯಿರಿ, ಪೂರ್ತಿ ಒಣಗಿಸಿ, ಆಮೇಲೆ ಇನ್ನೊಂದು ನೀರಿಗೆ ಇಳಿಯಿರಿ.